ಬೀಗದ ಕೈ ಯಾರ ಬಳಿ?

ಕಂಪ್ಯೂಟರಿನ ಕರ್ನೆಲ್‌ನಲ್ಲಿ ದೋಷ ಹುಡುಕುವುದು ನನ್ನ ಹೊಟ್ಟೆಪಾಡು. ಕೆಲವಂತೂ ಬಲು ಕಿಲಾಡಿ ದೋಷಗಳು. ಪತ್ತೆಗೆಂದು ಒಂದು ಸಾಲು ಸೇರಿಸಿದರೂ ಸಾಕು, ಕೆಲಸಗಳ ವೇಳೆ ಅತ್ತಿತ್ತಾಗಿ ದೋಷವೇ ಮಾಯ!

1997ರ ಜುಲೈ 4ರಂದು ಮಂಗಳನ ಮೇಲಿಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್, ಕೆಲವೇ ದಿನಗಳಲ್ಲಿ ತಾನಾಗಿ ಮತ್ತೆ ಮತ್ತೆ ಮೊದಲಿನಿಂದ ಶುರುವಾಗತೊಡಗಿತು. ಕಾರಣ ನಮ್ಮ ಮನೆಗಳಲ್ಲಿ ನಡೆಯುವಂಥದ್ದೇ. ಅಜ್ಜನಿಗೆ ತುರ್ತಾಗಿ ಬೀಗದ ಕೈ ಬೇಕು. ಅದಿರುವುದು ಮೊಮ್ಮಗನ ಜೇಬಿನಲ್ಲಿ. ಮೊಮ್ಮಗನನ್ನೋ ಚಿಕ್ಕಪ್ಪ ತನ್ನ ಕೆಲಸ ಮುಗಿಯುವವರೆಗೆ ಅಲುಗಾಡಬೇಡ ಎಂದು ನಿಲ್ಲಿಸಿದ್ದಾನೆ. ಅಲ್ಲಿ ಅಜ್ಜನೆಂದರೆ ಮಾಹಿತಿ ಸಾಗಣೆಯ ಉಸ್ತುವಾರಿ. ಮೊಮ್ಮಗ, ಹವಾಮಾನದ ಲೆಕ್ಕ. ಸಂಪರ್ಕದಂಥ ಕೆಲಸಗಳು ಚಿಕ್ಕಪ್ಪಂದಿರು. ಅಜ್ಜನ ಕೆಲಸ ಹೊತ್ತಿಗೆ ಮುಗಿಯದಿದ್ದರೆ ಯಂತ್ರ ಎಲ್ಲವನ್ನೂ ನಿಲ್ಲಿಸಿ ಹೊಸದಾಗಿ ಏಳುತ್ತಿತ್ತು. ಆ ದಿನದ ಉಳಿದ ಕೆಲಸ ಮರುದಿನಕ್ಕೆ.

ಜೆಪಿಎಲ್ ಸಂಸ್ಥೆಯ ಎಂಜಿನಿಯರುಗಳು ಭೂಮಿಯ ಮೇಲಿನ ಪ್ರತಿರೂಪದಲ್ಲಿ ಅದೇ ದೋಷವನ್ನು ಬರಿಸಿ ಹಿಡಿದರು. ಬೀಗದ ಕೈ ಇರುವಷ್ಟು ಹೊತ್ತು ಮೊಮ್ಮಗನಿಗೂ ಅಜ್ಜನ ಅಂತಸ್ತು: ಇಷ್ಟೇ ತಿದ್ದುಪಡಿ, ಇಲ್ಲಿಂದಲೇ ರವಾನೆಯಾಯಿತು.

ಉಡಾವಣೆಗೆ ಮುಂಚಿನ ಪರೀಕ್ಷೆಯಲ್ಲೂ ಅದು ಮುಖ ತೋರಿಸಿತ್ತು. ಮತ್ತೆ ಕರೆದರೆ ಬಂದಿರಲಿಲ್ಲ. ನಮ್ಮಲ್ಲಿ “ಒಂದೇ ಸಲ ತಾನೇ ಆದದ್ದು, ಬಿಡ್ರೀ” ಎನ್ನುವ ಮೇಲಿನವರಿಗೆ ಇದನ್ನು ಹೇಳಿ ಇನ್ನೆರಡು ದಿನ ಕೇಳುತ್ತೇನೆ. ಸಿಗುವುದು ಒಂದೇ.