ಗಡಿಯಲ್ಲೇ ನಿಂತ ಗಡ್ಡೆ

ಪರೀಕ್ಷೆಯಲ್ಲಿ ಉತ್ತರ ಸರಿ, ಇಲ್ಲವೇ ತಪ್ಪು. ದೇಹದೊಳಗೊಂದು ಗಡ್ಡೆ ಕಂಡಾಗಲೂ ಜನ ಕೇಳುವುದು ಅಂಥದೇ ಪ್ರಶ್ನೆ: ಕ್ಯಾನ್ಸರೋ, ಅಲ್ಲವೋ? ಆದರೆ ಪ್ರಕೃತಿಗೆ ಪ್ರಶ್ನೆಪತ್ರಿಕೆಯ ಹಂಗಿಲ್ಲ. ಅಂಡಾಶಯದಲ್ಲಿ ಈ ಎರಡರ ನಡುವೆ ನಿಲ್ಲುವ ಗಡ್ಡೆಯೊಂದುಂಟು. ವೈದ್ಯರು ಅದನ್ನು ‘ಬಾರ್ಡರ್‌ಲೈನ್ ಟ್ಯೂಮರ್’ ಎನ್ನುತ್ತಾರೆ.

1929ರಲ್ಲಿ ಅಮೆರಿಕದ ವೈದ್ಯ ಹೊವಾರ್ಡ್ ಟೇಲರ್ ಇಂಥ ಗಡ್ಡೆಗಳನ್ನು ಬೇರೆಯಾಗಿ ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆ 1973ರ ವರ್ಗೀಕರಣದಲ್ಲಿ ಅವಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೀವಕೋಶಗಳು ಮಿತಿಮೀರಿ ಬೆಳೆದಿರುತ್ತವೆ, ಆಕಾರವೂ ಕೆಟ್ಟಿರುತ್ತದೆ. ಆದರೆ ಕ್ಯಾನ್ಸರ್ ಕೋಶಗಳಂತೆ ಅಡಿಯ ಅಂಗಾಂಶಕ್ಕೆ ನುಗ್ಗಿರುವುದಿಲ್ಲ. ಬದುವಿನವರೆಗೆ ಹಬ್ಬಿ, ಬದು ದಾಟದ ಕಳೆಯ ಹಾಗೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಸಂಶಯ ಹುಟ್ಟಿಸಬಲ್ಲವು. ತೀರ್ಮಾನವಾಗುವುದು ತೆಗೆದ ಗಡ್ಡೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ.

ಈ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು 40ರ ಒಳಗಿನವರು. ಅವರಲ್ಲಿ ಪದವಿಯ ಕೊನೆಯ ವರ್ಷದಲ್ಲಿರುವ ಹುಡುಗಿಯೂ ಇರಬಹುದು, ಮದುವೆಯ ಮಾತುಕತೆ ನಡೆದವಳೂ ಇರಬಹುದು. “ಎಲ್ಲಾ ತೆಗೆಸಿಬಿಡೋಣ, ಜೀವ ಉಳಿದರೆ ಸಾಕು” ಎನ್ನುತ್ತಾರೆ ತಂದೆ. “ನೆಂಟರ ಕಿವಿಗೆ ಬೀಳುವುದು ಬೇಡ” ಎನ್ನುತ್ತಾರೆ ತಾಯಿ. ಎರಡೂ ಮಾತು ಹುಟ್ಟುವುದು ಮಗಳ ಮೇಲಿನ ಮಮತೆಯಿಂದಲೇ. ಆದರೆ ಅವಳನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಎಲ್ಲವನ್ನೂ ತೆಗೆಸುವ ಅಗತ್ಯ ಅನೇಕ ವೇಳೆ ಇರುವುದೇ ಇಲ್ಲ. ಮುಖ್ಯ ಚಿಕಿತ್ಸೆ ಶಸ್ತ್ರಚಿಕಿತ್ಸೆ. ಮುಂದೆ ಮಕ್ಕಳು ಬೇಕೆನ್ನುವವರಿಗೆ ಗಡ್ಡೆಯಿರುವ ಅಂಡಾಶಯ ಮತ್ತು ಅದರ ನಾಳವನ್ನಷ್ಟೇ ತೆಗೆದು, ಗರ್ಭಕೋಶವನ್ನೂ ಇನ್ನೊಂದು ಅಂಡಾಶಯವನ್ನೂ ಉಳಿಸುವುದುಂಟು. ಎರಡೂ ಕಡೆ ಗಡ್ಡೆಯಿದ್ದಾಗ ಗಡ್ಡೆಯ ಭಾಗವನ್ನು ಮಾತ್ರ ಬಿಡಿಸಿ ತೆಗೆಯುವ ಪ್ರಯತ್ನವೂ ನಡೆಯುತ್ತದೆ. ಹೀಗೆ ಚಿಕಿತ್ಸೆ ಪಡೆದು ತಾಯಂದಿರಾದವರು ಅನೇಕರು. ಕಿಮೋಥೆರಪಿಯಿಂದ ಈ ಗಡ್ಡೆಗೆ ಪ್ರಯೋಜನವಿದೆ ಎಂಬುದು ಸಿದ್ಧವಾಗಿಲ್ಲ; ಆದ್ದರಿಂದ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ.

ಮುಂದಿನ ಬದುಕು? ಗಡ್ಡೆ ಅಂಡಾಶಯದಲ್ಲೇ ಉಳಿದಿದ್ದರೆ ಐದು ವರ್ಷಗಳ ನಂತರವೂ 100ಕ್ಕೆ 95ಕ್ಕಿಂತ ಹೆಚ್ಚು ಮಂದಿ ಬದುಕಿರುತ್ತಾರೆ. ಹೆಚ್ಚಿನವರಲ್ಲಿ ರೋಗ ಪತ್ತೆಯಾಗುವುದು ಈ ಹಂತದಲ್ಲೇ. ಹೊಟ್ಟೆಯ ಬೇರೆಡೆ ಹರಡಿ, ಅಲ್ಲಿನ ಅಂಗಾಂಶದೊಳಕ್ಕೆ ನುಗ್ಗಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ಅದನ್ನು ಕ್ಯಾನ್ಸರೆಂದೇ ಪರಿಗಣಿಸುತ್ತಾರೆ.

ಹಾಗೆಂದು “ಕ್ಯಾನ್ಸರ್ ಅಲ್ಲವಲ್ಲ” ಎಂದು ಕಡತ ಕಟ್ಟಿ ಅಟ್ಟಕ್ಕೆ ಎಸೆಯುವಂತಿಲ್ಲ. ಅಂಡಾಶಯ ಉಳಿಸಿಕೊಂಡವರಲ್ಲಿ ಗಡ್ಡೆ ಮರುಕಳಿಸುವ ಸಂಭವ ಹೆಚ್ಚು. ಹತ್ತು ವರ್ಷ ಕಳೆದ ಮೇಲೂ ಬರಬಹುದು. ಬಂದರೂ ಬಹುಪಾಲು ಮತ್ತೆ ಗಡಿಯಲ್ಲೇ ನಿಲ್ಲುವಂಥದು; ಬೇಗ ಕಂಡರೆ ಇನ್ನೊಂದು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಆದ್ದರಿಂದ ವೈದ್ಯರು ಹೇಳಿದ ದಿನ ತಪಾಸಣೆಗೆ ಹೋಗುವುದು ತಪ್ಪಬಾರದು. ಮದುವೆಯಾಗಿ ಬೇರೆ ಊರಿಗೆ ಹೋದರೂ ವರದಿಗಳು ಅವಳ ಜೊತೆಗೇ ಹೋಗಬೇಕು. ಅದಕ್ಕಾಗಿಯೇ ಗುಟ್ಟು ಬೇಡ. ಶಸ್ತ್ರಚಿಕಿತ್ಸೆಗೆ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವೈದ್ಯರನ್ನು ಕೇಳಬೇಕು: ಏನನ್ನು ತೆಗೆಯುತ್ತೀರಿ, ಏನನ್ನು ಉಳಿಸಬಹುದು? ಅವಳೂ ಕೇಳಲಿ. ದೇಹ ಅವಳದು.