ಸೇಲಂ ಸೀಮೆಯಲ್ಲಿ ಮೂರು ನಾಡುಗಳ ಆಟ

ಬೆಂಗಳೂರಿನಿಂದ ಸೇಲಮಿಗೆ ಹೆದ್ದಾರಿಯಲ್ಲಿ ಹೋಗುವವರು ಅರ್ಧ ದಿವಸದೊಳಗೆ ಕಾರ್ಯ ಮುಗಿಸಿ ಹಿಂದಿರುಗುವುದುಂಟು. ಆದರೆ ಹೊಸೂರು, ಕೆಲಮಂಗಲ, ರಾಯಕೋಟೆ, ಮಾರಂಡಹಳ್ಳಿ, ಪಾಲಕೋಡುಗಳ ಮೇಲೆ ಹಾಯ್ದು, ಬೆಟ್ಟಗಳ ಬದಿಯನ್ನು ಬಳಸುತ್ತ ಧರ್ಮಪುರಿಗೆ ಇಳಿಯುವ ರೈಲುದಾರಿಯಲ್ಲಿ, ಅವಸರವಿಲ್ಲದ ಪಯಣಿಗನಿಗೆ ದೊರೆಯತಕ್ಕ ಸುಖವೇ ಬೇರೆ. 2025ನೆಯ ಇಸವಿಯ ಫೆಬ್ರವರಿ ಮಾಸದ ಮಧ್ಯಭಾಗದಲ್ಲಿ ನಾನು ಆ ದಾರಿಯನ್ನು ಹಿಡಿದೆನು. ಕಿಟಕಿಯಾಚೆ ಮಾವಿನ ತೋಪುಗಳು ಹೂವು ಬಿಟ್ಟು ನಿಂತಿದ್ದುವು. ನನ್ನ ಉದ್ದೇಶವು ಸೇಲಂ ಜಿಲ್ಲೆಯ ಎರಡು ಕ್ರಿಕೆಟ್ ಮೈದಾನಗಳನ್ನು ಕಣ್ಣಾರೆ ಕಾಣುವುದಾಗಿತ್ತು. ಮಸ್ಕತ್ತಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನಾದರೋ, ಅದೇ ದಿನಗಳಲ್ಲಿ ಒಮಾನಿನ ಅಲ್ ಅಮೆರಾತಿನಲ್ಲಿ ಒಮಾನ್, ನಮೀಬಿಯಾ ಮತ್ತು ಅಮೆರಿಕಾ ತಂಡಗಳ ನಡುವೆ ನಡೆಯುತ್ತಿದ್ದ ಏಕದಿನ ಪಂದ್ಯಗಳ ಸುದ್ದಿಯನ್ನು ಮೊಬೈಲಿಗೆ ಬಿಡದೆ ಕಳುಹಿಸುತ್ತಿದ್ದುದರಿಂದ, ನನ್ನ ದೇಹವು ಒಂದು ಸೀಮೆಯಲ್ಲಿಯೂ ಮನಸ್ಸಿನ ಅರ್ಧಭಾಗವು ಇನ್ನೊಂದು ಸೀಮೆಯಲ್ಲಿಯೂ ಸಂಚರಿಸುತ್ತಿದ್ದುವು.

ಇಂತಹ ಸರಣಿಗಳನ್ನು ನಮ್ಮ ಪತ್ರಿಕೆಗಳು ಮೂಲೆಯಲ್ಲಿ ಒಂದು ಸಾಲಿಗೆ ಮುಗಿಸುತ್ತವೆ. ಎಂಟು ತಂಡಗಳು, ಇಪ್ಪತ್ತನಾಲ್ಕು ತ್ರಿಕೋನ ಸರಣಿಗಳು, ಒಟ್ಟು 144 ಪಂದ್ಯಗಳು; ಇವುಗಳಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರಿಗೆ 2027ರ ವಿಶ್ವಕಪ್ಪಿನ ಅರ್ಹತಾ ಪಂದ್ಯಾವಳಿಗೆ ನೇರ ಪ್ರವೇಶ, ಉಳಿದವರಿಗೆ ಮತ್ತೊಂದು ಅಗ್ನಿಪರೀಕ್ಷೆ. ದೊಡ್ಡ ರಾಷ್ಟ್ರಗಳು ಸೋತರೆ ಅವುಗಳಿಗೆ ಟೀಕೆ ಮಾತ್ರ ತಗಲುತ್ತದೆ; ಇವರು ಸೋತರೆ ಅಂತರರಾಷ್ಟ್ರೀಯ ಮಾನ್ಯತೆ, ಅದರ ಬೆನ್ನಿಗೆ ಬರುವ ಹಣ, ಆ ಹಣದಿಂದ ಆಡುವ ಹುಡುಗರು, ಎಲ್ಲವೂ ಕೈಬಿಡಬಹುದು. ಇದು ಕೇವಲ ಊಹೆಯಲ್ಲ. 1998ರ ಮೇ ತಿಂಗಳಿನಲ್ಲಿ ಭಾರತವು ಬಾಂಗ್ಲಾದೇಶ ಮತ್ತು ಕೆನ್ಯಾಗಳನ್ನು ಕರೆದು ನಡೆಸಿದ ತ್ರಿಕೋನ ಸರಣಿಯಲ್ಲಿ, ಹೈದರಾಬಾದಿನಲ್ಲಿ ಕೆನ್ಯಾವನ್ನು ಸೋಲಿಸಿ ಬಾಂಗ್ಲಾದೇಶವು ತನ್ನ ಮೊದಲ ಏಕದಿನ ಜಯವನ್ನು ಕಂಡಿತು; ಅದೇ ಕೆನ್ಯಾ ಹನ್ನೊಂದು ದಿನಗಳ ತರುವಾಯ ಗ್ವಾಲಿಯರಿನಲ್ಲಿ ಭಾರತವನ್ನೇ ಮಣಿಸಿತು. ಆಗ ಭವಿಷ್ಯವನ್ನು ನುಡಿಯಹೊರಟವನು ಕೆನ್ಯಾದ ಪರವಾಗಿಯೇ ನುಡಿಯುತ್ತಿದ್ದನೇನೋ. ಆದರೆ ಬಾಂಗ್ಲಾದೇಶಕ್ಕೆ 2000ದಲ್ಲಿ ಟೆಸ್ಟ್ ಮಾನ್ಯತೆ ದೊರೆಯಿತು. 2003ರ ವಿಶ್ವಕಪ್ಪಿನ ಉಪಾಂತ್ಯದವರೆಗೆ ಏರಿದ ಕೆನ್ಯಾ 2014ರಲ್ಲಿ ಏಕದಿನದ ಮಾನ್ಯತೆಯನ್ನೂ ಕಳೆದುಕೊಂಡಿತು. ಉದಯೋನ್ಮುಖರೆಂದು ಕರೆಯಿಸಿಕೊಂಡವರೆಲ್ಲರೂ ಉದಯಿಸುವರೆಂಬ ನಿಯಮವೇನೂ ಇಲ್ಲವಷ್ಟೆ.

ಧರ್ಮಪುರಿಯಲ್ಲಿ ಇಳಿದವನು ಕೋಟೆಯ ದೇವಾಲಯಗಳಿಗೆ ಹೋಗಿ ಬಂದೆನು. ಸಂಗಂ ಕಾಲದಲ್ಲಿ ತಗಡೂರೆಂದು ಹೆಸರಾಗಿ, ಅವ್ವೈಯಾರಳಿಗೆ ನೆಲ್ಲಿಕಾಯಿ ಕೊಟ್ಟ ಅದಿಯಮಾನನ ರಾಜಧಾನಿಯಾಗಿದ್ದ ಈ ಊರು, 9ನೆಯ ಶತಮಾನದ ಹೊತ್ತಿಗೆ ನೊಳಂಬರ ಕೈಸೇರಿತ್ತು. ನೊಳಂಬ ಮಹೇಂದ್ರನ ಕನ್ನಡ ಶಾಸನಗಳು ಇಲ್ಲಿ ದೊರೆತಿವೆ. ಪಲ್ಲವರು, ಗಂಗರು, ರಾಷ್ಟ್ರಕೂಟರೆಂಬ ದೊಡ್ಡ ಮನೆಗಳ ನಡುವೆ ತಲೆಯೆತ್ತಿದ ಆ ಚಿಕ್ಕ ಮನೆತನ ಎಷ್ಟು ಹೋರಾಡಿತೋ, ಎಷ್ಟು ಬಾಗಿತೋ! ಕಲ್ಲುಗಳನ್ನು ಓದಬಲ್ಲವರಿಗೆ ಅಲ್ಲಿ ಒಂದು ದಿನವೂ ಸಾಲದು. ನನಗೆ ಅಷ್ಟು ವಿದ್ಯೆಯಿಲ್ಲದುದರಿಂದ ಸಂಜೆಯ ಗಾಡಿಗೆ ಹೊರಟೆನು. ಶಿವಾಡಿ, ಮುತ್ತಂಪಟ್ಟಿಗಳನ್ನು ದಾಟಿ ತೊಪ್ಪೂರಿನ ಕಾಡುಬೆಟ್ಟಗಳ ಮಧ್ಯೆ ರೈಲು ಇಳಿಯುವ ಆ ಹೊತ್ತಿನಲ್ಲಿ ಬಿಸಿಲಾರಿ ಗಾಳಿ ಬೀಸತೊಡಗಿತ್ತು; ಓಮಲೂರು ಬರುವಷ್ಟರಲ್ಲಿ ಬಯಲು ಸೀಮೆಯ ಸೆಕೆ ಪುನಃ ಒಳನುಗ್ಗಿತು.

ಸೇಲಮಿನಲ್ಲಿ ನನ್ನ ಬಿಡಾರವು ಒಂದು ದೇವಾಂಗ ಕುಟುಂಬದ ಮನೆಯಲ್ಲಾಯಿತು. ತಲೆಮಾರುಗಳಿಂದ ನೇಯ್ಗೆಯನ್ನು ನಂಬಿ ಬಾಳಿದ ಮನೆ. ಒಳಗೆ ತಮಿಳು ಬೆರೆತ ಕನ್ನಡ, ಬೀದಿಯಲ್ಲಿ ಅಚ್ಚ ತಮಿಳು, ದೇವರ ಕೋಣೆಯಲ್ಲಿ ಚೌಡೇಶ್ವರಿ. ಮನೆಯ ಯಜಮಾನರು ಎಪ್ಪತ್ತು ದಾಟಿದವರು. ಮಗ್ಗವನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಮೇಲೆ ಕ್ರಿಕೆಟ್ಟನ್ನು ತಮ್ಮ ಉಳಿದ ವೃತ್ತಿಯನ್ನಾಗಿ ಮಾಡಿಕೊಂಡಿದ್ದರು. ನಾನು ಬಂದ ಉದ್ದೇಶ ಕೇಳಿ, “ಸ್ವಾಮಿ, ಜನ ಏರ್ಕಾಡು ನೋಡೋದಕ್ಕೆ ಬರ್ತಾರೆ, ಮೆಟ್ಟೂರು ಅಣೆಕಟ್ಟು ನೋಡೋದಕ್ಕೆ ಬರ್ತಾರೆ, ಬರೀ ಹುಲ್ಲು ನೋಡೋದಕ್ಕೆ ಬಂದವರು ನೀವೇ ಮೊದಲು” ಎಂದು ನಕ್ಕರು. ಆದರೂ ಎರಡೂ ಕಡೆಗೆ ಜತೆಗೆ ಬಂದರು.

ಮೊದಲು ವಾಳಪ್ಪಾಡಿ. ಸೇಲಮಿನಿಂದ ಪೂರ್ವಕ್ಕೆ ಆತ್ತೂರಿನ ದಾರಿ ಹಿಡಿದರೆ ಎರಡೂ ಪಕ್ಕದಲ್ಲಿ ಮರಗೆಣಸಿನ ಹೊಲಗಳು, ನಡುನಡುವೆ ಸಬ್ಬಕ್ಕಿಯ ಕಾರ್ಖಾನೆಗಳು. ಒಂದು ಕಣದ ಬಳಿ ಬಸ್ಸಿಳಿದು ನಿಂತು ನೋಡಿದೆವು: ಗೆಣಸಿನ ಸಿಪ್ಪೆ ತೆಗೆದು, ಅರೆದು, ಹಾಲನ್ನು ತೊಟ್ಟಿಗಳಲ್ಲಿ ತಂಗಿಸಿ, ತಳಕ್ಕೆ ನಿಂತ ಹಿಟ್ಟನ್ನು ಕುಲುಕಿ ಹರಳುಗಟ್ಟಿಸಿ, ಕಾದ ಹಂಚಿನ ಮೇಲೆ ಬಾಡಿಸಿದ ತರುವಾಯ ಹೊರಗೆ ಹರಡಿದ ಆ ಬಿಳಿಯ ಕಾಳುಗಳ ರಾಶಿಯು ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಬಿಡಗೊಡುತ್ತಿರಲಿಲ್ಲ, ತಲೆಗೆ ಸೀರೆಯ ಸೆರಗು ಬಿಗಿದ ಹೆಂಗಸರು ಬರಿಗಾಲಿನಲ್ಲಿ ಅದರ ಮೇಲೆ ನಡೆಯುತ್ತ, ಹಲಗೆಯಿಂದ ಗೆರೆಗೆರೆಯಾಗಿ ಎಳೆದು ಮಗುಚುತ್ತಿದ್ದರು. ಅಲ್ಲಿಂದ ಮುಂದೆ, ಬೆಟ್ಟಗಳ ಹಿನ್ನೆಲೆಯಲ್ಲಿ, ಸೇಲಂ ಕ್ರಿಕೆಟ್ ಫೌಂಡೇಶನ್ನಿನ ಹಸಿರು ಮೈದಾನ. 2020ರ ಫೆಬ್ರವರಿಯಲ್ಲಿ ಅದರ ಉದ್ಘಾಟನೆಯಾದಾಗ ಅಂದಿನ ಮುಖ್ಯಮಂತ್ರಿ ಪಳನಿಸ್ವಾಮಿಯವರೊಡನೆ ನಮ್ಮ ರಾಹುಲ್ ದ್ರಾವಿಡರೂ ಬಂದಿದ್ದರು. ಈಗ ತಮಿಳುನಾಡು ಪ್ರೀಮಿಯರ್ ಲೀಗಿನ ಪಂದ್ಯಗಳು ಇಲ್ಲಿ ನಡೆಯುತ್ತವೆ.

ಈ ಜಿಲ್ಲೆಗೆ ಕ್ರಿಕೆಟ್ಟು ಹೊಸತಲ್ಲವೆಂದು ಯಜಮಾನರು ನೆನಪಿಸಿದರು. ಹಳೆಯ ಸೇಲಂ ಜಿಲ್ಲೆಗೆ ಸೇರಿದ್ದ ಕುಮಾರಮಂಗಲದ ಜಮೀನ್ದಾರರೂ, 1926ರಿಂದ 1930ರವರೆಗೆ ಮದರಾಸಿನ ಮುಖ್ಯಮಂತ್ರಿಗಳೂ ಆಗಿದ್ದ ಪಿ. ಸುಬ್ಬರಾಯನ್ ಅವರು 1938ರಿಂದ 1946ರವರೆಗೆ ಭಾರತದ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದರು. ಆ ಕಾಲದಲ್ಲಿ ಭಾರತವೂ ಉದಯೋನ್ಮುಖ ತಂಡವೇ: 1932ರಲ್ಲಿ ಲಾರ್ಡ್ಸಿನಲ್ಲಿ ಮೊದಲ ಟೆಸ್ಟ್ ಆಡಿದವರು, ಮೊದಲ ಗೆಲುವಿಗಾಗಿ 1952ರ ಮದರಾಸು ಟೆಸ್ಟಿನವರೆಗೆ ಕಾಯಬೇಕಾಯಿತು. ಆದರೆ ಸುಬ್ಬರಾಯನ್ನರ ಕಾಲದ ಆಟವು ಜಮೀನ್ದಾರರ, ಜಿಮ್‌ಖಾನೆಗಳ, ಇಂಗ್ಲಿಷ್ ಓದಿದವರ ಸ್ವತ್ತಾಗಿತ್ತು. ಅದು ಸೇಲಮಿನ ಹಳ್ಳಿಗಳ ಬೀದಿಗೆ ಇಳಿಯಲು ಇನ್ನೂ ಎರಡು ತಲೆಮಾರು ಹಿಡಿಯಿತು.

ಇಳಿದುದು ಎಲ್ಲಿಗೆ ಎಂಬುದನ್ನು ನೋಡಲೆಂದೇ ಫೆಬ್ರವರಿ 18ರಂದು, ತಾರಮಂಗಲದ ಕೈಲಾಸನಾಥ ದೇವಾಲಯದ ಶಿಲ್ಪಗಳಿಗೆ ಬೆಳಗಿನ ಹೊತ್ತನ್ನು ಕೊಟ್ಟು, ಚಿನ್ನಪ್ಪಂಪಟ್ಟಿಗೆ ಹೋದೆವು. ಟಿ. ನಟರಾಜನ್ ಹುಟ್ಟಿದ ಊರು. ತಾಯಿ ರಸ್ತೆಯ ಬದಿಯಲ್ಲಿ ಕೋಳಿಮಾಂಸದ ಅಂಗಡಿ ಇಟ್ಟುಕೊಂಡಿದ್ದ ಮನೆಯ ಈ ಹುಡುಗ ಟೆನಿಸ್ ಚೆಂಡಿನಲ್ಲಿಯೇ ಎಡಗೈ ಬೌಲಿಂಗನ್ನು ಕಲಿತು, 2015ರಲ್ಲಿ ರಣಜಿ ಆಡಿ, ಬೌಲಿಂಗ್ ಶೈಲಿಯ ಮೇಲೆ ಆಕ್ಷೇಪ ಬಂದುದರಿಂದ ಅದನ್ನು ತಿದ್ದಿಕೊಂಡು ಮರಳಿ ಬಂದು, ಒಂದೇ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೂರೂ ಬಗೆಯ ಪಂದ್ಯಗಳಿಗೆ ಪದಾರ್ಪಣ ಮಾಡಿದ ಮೊದಲ ಭಾರತೀಯನಾದನು: 2020ರ ಡಿಸೆಂಬರ್ 2ರಂದು ಕ್ಯಾನ್‌ಬೆರಾದಲ್ಲಿ ಏಕದಿನ, ಎರಡು ದಿನ ಬಿಟ್ಟು ಅಲ್ಲಿಯೇ ಟಿ–20, 2021ರ ಜನವರಿ 15ರಂದು ಬ್ರಿಸ್ಬೇನಿನಲ್ಲಿ ಟೆಸ್ಟ್. ಆ ಟೆಸ್ಟನ್ನು ಭಾರತ ಗೆದ್ದ ಬಗೆಯನ್ನು ನಾನು ಹೇಳಬೇಕಾದುದಿಲ್ಲ. ಊರಿಗೆ ಮರಳಿದವನನ್ನು ಜನರು ಕುದುರೆ ಕಟ್ಟಿದ ರಥದಲ್ಲಿ ಮೆರವಣಿಗೆ ಮಾಡಿದರು. 2023ರ ಜೂನ್ ತಿಂಗಳಿನಲ್ಲಿ ಅವನು ತನ್ನೂರಿಗೇ ಒಂದು ಮೈದಾನವನ್ನು ಮಾಡಿಸಿಕೊಟ್ಟನು. ದಿನೇಶ್ ಕಾರ್ತಿಕ್ ಬಂದು ಉದ್ಘಾಟಿಸಿದರು. ನಡುವೆ ನಾಲ್ಕು ಪಿಚ್ಚುಗಳು, ಅಭ್ಯಾಸಕ್ಕೆ ಎರಡು, ನೂರು ಮಂದಿ ಕೂಡಬಹುದಾದ ಪುಟ್ಟ ಗ್ಯಾಲರಿ.

ನಾವು ಹೋದಾಗ ಬಿಸಿಲು ಇಳಿಯುತ್ತಿತ್ತು. ಊರ ಹುಡುಗರು ಅಂಚಿನಲ್ಲಿ ಒಂಟಿ ಸ್ಟಂಪನ್ನು ನೆಟ್ಟು, ಅದರ ಬುಡಕ್ಕೆ ಒಂದು ಹಳೆಯ ಬೂಟನ್ನು ಇರಿಸಿ, ಒಬ್ಬರಾದ ಮೇಲೊಬ್ಬರು ಓಡಿಬಂದು ಯಾರ್ಕರ್ ಎಸೆಯುತ್ತಿದ್ದರು. ಚೆಂಡು ಬೂಟಿಗೆ ತಗಲಿದರೆ ಒಂದು ಅಂಕ, ಸ್ಟಂಪಿಗೆ ತಗಲಿದರೆ ಎರಡು, ಎರಡಕ್ಕೂ ತಪ್ಪಿದರೆ ಸರದಿ ಹೋಯಿತು. ಬಲಗೈಯವರೂ ಎಡಗೈಯಿಂದ ಎಸೆಯಲೆತ್ನಿಸಿ ನಗೆಗೀಡಾಗುತ್ತಿದ್ದರು. ಆಗ ಮಸ್ಕತ್ತಿನಿಂದ ಕರೆ ಬಂದಿತು.

“ಮಾವಾ, ಅಮೆರಿಕಾ 122ಕ್ಕೇ ಆಲೌಟು ಅಂದಿದ್ದೆನಲ್ಲ? ಒಮಾನ್ 65ಕ್ಕೇ ಮುಗಿದುಹೋಯಿತು! ಕೆಂಜಿಗೆ ಐದು ವಿಕೆಟ್, ಹನ್ನೊಂದು ರನ್ನಿಗೆ.”

ನೊಸ್ತುಷ್ ಕೆಂಜಿಗೆ ಅಲಬಾಮಾದ ಆಬರ್ನಿನಲ್ಲಿ ಹುಟ್ಟಿ, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಬೆಳೆದು, ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡಿ, ಪುನಃ ಅಮೆರಿಕಾಕ್ಕೆ ಹೋದ ಎಡಗೈ ಸ್ಪಿನ್ನರು. ನಟರಾಜನ್ ಹುಟ್ಟಿದ 1991ರಲ್ಲಿಯೇ ಅವನೂ ಹುಟ್ಟಿದವನು. ಓವರುಗಳನ್ನು ಕಡಿತಗೊಳಿಸದ ಏಕದಿನ ಪಂದ್ಯಗಳಲ್ಲಿ ಇಷ್ಟು ಕಡಿಮೆ ಮೊತ್ತವನ್ನು ಅದುವರೆಗೆ ಯಾರೂ ಕಾಪಾಡಿಕೊಂಡಿರಲಿಲ್ಲ. 1985ರಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನದೆದುರು 125ನ್ನು ಕಾಪಾಡಿಕೊಂಡ ಭಾರತದ ದಾಖಲೆಯು ಸುಮಾರು ನಲವತ್ತು ವರ್ಷದ ಮೇಲೆ ಮುರಿಯಿತು. ಅದಕ್ಕಿಂತಲೂ ವಿಲಕ್ಷಣವಾದ ಸಂಗತಿಯೊಂದನ್ನು ಅಳಿಯ ಕೊನೆಯಲ್ಲಿ ಹೇಳಿದನು: ಎರಡೂ ಕಡೆ ಸೇರಿ ನಡೆದ 61 ಓವರುಗಳಲ್ಲಿ ವೇಗದ ಬೌಲರಿನ ಕೈಯಿಂದ ಬಂದ ಚೆಂಡು ಒಂದೂ ಇರಲಿಲ್ಲ.

ಯಜಮಾನರು ಇದನ್ನು ತಮಿಳಿನಲ್ಲಿ ಹುಡುಗರಿಗೆ ತಿಳಿಸಿದಾಗ ಅವರ ಆಟವೇ ನಿಂತುಹೋಯಿತು. ವೇಗದ ಬೌಲರೊಬ್ಬನು ಕಟ್ಟಿಸಿದ ಮೈದಾನದಲ್ಲಿ, ಯಾರ್ಕರಿನ ತಪಸ್ಸಿನಲ್ಲಿದ್ದವರಿಗೆ ಇಂತಹ ವಾರ್ತೆಯೇ! ಅದು ಸುಳ್ಳೆಂದು ಒಬ್ಬನು, ಪಿಚ್ಚು ಕೆಟ್ಟುದೆಂದು ಇನ್ನೊಬ್ಬನು ವಾದಿಸಿದರು. ಮೂರನೆಯವನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ; 2022ರ ಟಿ–20 ವಿಶ್ವಕಪ್ಪಿನಲ್ಲಿ ಶ್ರೀಲಂಕಾದ ಮೇಲೆ ಹ್ಯಾಟ್ರಿಕ್ ಪಡೆದ ಕಾರ್ತಿಕ್ ಮೆಯ್ಯಪ್ಪನ್ ಚೆನ್ನೈಯಲ್ಲಿ ಹುಟ್ಟಿದವನೆಂದೂ, ಅವನೂ ಸ್ಪಿನ್ನರೆಂದೂ, ಆಡುವುದು ಎಮಿರೇಟ್ಸ್ ತಂಡಕ್ಕೆಂದೂ ಅವನು ಗಟ್ಟಿಯಾಗಿ ಸಾರಿದನು. ನಮ್ಮ ತಂಡದಲ್ಲಿ ಸಿಕ್ಕದ ಸ್ಥಾನ ಬೇರೆ ದೇಶದಲ್ಲಿ ಸಿಕ್ಕುವುದಾದರೆ ಹೋಗಬಹುದೇ ಎಂದು ಅವರಲ್ಲಿ ಕಿರಿಯವನು ಕೇಳಿದನು; ಪಾಸ್‌ಪೋರ್ಟ್ ಯಾರು ಕೊಡುತ್ತಾರೆಂದು ಉಳಿದವರು ಗದರಿಸಿದರು. ನನಗೆ ಆ ಪ್ರಶ್ನೆ ಅಪ್ರಬುದ್ಧವೆಂದು ತೋರಲಿಲ್ಲ. ಕರ್ನಾಟಕದ ಪರವಾಗಿ ಆಡಲಾಗದವನು ಅಮೆರಿಕಾದ ಪರವಾಗಿ ದಾಖಲೆ ಬರೆದ ಆ ಸಾಯಂಕಾಲದಲ್ಲಿ, ಅದು ಎಲ್ಲಕ್ಕಿಂತಲೂ ನೇರವಾದ ಪ್ರಶ್ನೆಯಾಗಿತ್ತು.

ಅಳಿಯನು ಇನ್ನೂ ಕರೆಯಲ್ಲಿದ್ದನು. ಅವನಿಗೆ ಅವನದೇ ಸಂಕಟ. “ಅನ್ನ ಕೊಟ್ಟದ್ದು ಒಮಾನು, ಗೆಲ್ಲಿಸಿದವನು ನಮ್ಮ ಚಿಕ್ಕಮಗಳೂರಿನವನು. ನಾನು ಯಾರ ಕಡೆ ಮಾವಾ?”

ಯಜಮಾನರು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು, ಕಿವಿಗೆ ಹಿಡಿದು, ಸಾವಧಾನವಾಗಿ ಹೇಳಿದರು: “ನಮೀಬಿಯಾ ಕಡೆ ಇರಪ್ಪಾ ತಮ್ಮಾ. ಮುಂದಿನ ವಿಶ್ವಕಪ್ಪು ಅವರ ನೆಲದಲ್ಲೂ ನಡೆಯೋದು; ಆದರೂ ಅವರು ಗೆದ್ದೇ ಒಳಗೆ ಹೋಗಬೇಕಂತೆ. ತಮ್ಮ ಮನೆ ಮದುವೆಗೆ ತಮಗೇ ಕರೆಯೋಲೆ ಇಲ್ಲದವರಿಗೆ ನಾವಾದರೂ ಬೇಡವೇ?”