ಭಾವನ ಮೂರು ಚಕ್ರ, ನನ್ನ 35 ಪಿಎಸ್‌ಐ

ನ್ಯೂಜಿಲೆಂಡಿನಲ್ಲಿ ಭಾವ ಮೂರು ಚಕ್ರದ ಗಾಡಿ ತೆಗೆದುಕೊಂಡಿದ್ದಾರೆ ಎಂದಾಗ ಪುತ್ತೂರಿನ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಗೆ ಹೋಗಿಯೂ ರಿಕ್ಷಾ ಬಿಡುವುದಾ?" ನಮ್ಮ ಅಪ್ಪ ಇಪ್ಪತ್ತು ವರ್ಷ ರಿಕ್ಷಾ ಬಿಟ್ಟವರು. ಹಾಗಾಗಿ ನಮ್ಮ ಮನೆಯಲ್ಲಿ ಮೂರು ಚಕ್ರ ಎಂದರೆ ಬೇರೆ ಯಾವುದೂ ನೆನಪಿಗೆ ಬರುವುದಿಲ್ಲ. ಭಾವನದ್ದು ರಿಕ್ಷಾ ಅಲ್ಲ, ಮೋಟರ್‌ಸೈಕಲ್ಲು. ಕೆನಡಾದ ಬಿಆರ್‌ಪಿ ಕಂಪನಿಯ ಕ್ಯಾನ್-ಆಮ್ ಸ್ಪೈಡರ್, ಆರ್‌ಟಿ ಎಂಬ 2011ರ ಮಾದರಿ, ಸೆಕೆಂಡ್ ಹ್ಯಾಂಡ್. ರಿಕ್ಷಾಕ್ಕೆ ಮುಂದೆ ಒಂದು ಚಕ್ರ, ಹಿಂದೆ ಎರಡು. ಇದಕ್ಕೆ ಮುಂದೆ ಎರಡು, ಹಿಂದೆ ಒಂದು. ಹಿಂದಿನ ಆ ಒಂದು ಚಕ್ರ ಕಾರಿನ ಚಕ್ರದಷ್ಟೇ ಅಗಲ.

ಶೋಕಿಗೆ ತೆಗೆದುಕೊಂಡದ್ದಲ್ಲ. ಭಾವ ಮೊದಲು ನನ್ನ ಹಾಗೆಯೇ ಮಸ್ಕತ್‌ನಲ್ಲಿ ಇದ್ದವರು. ಅಲ್ಲಿ ಆದ ಒಂದು ಅಪಘಾತದಲ್ಲಿ ಎಡಗಾಲಿನ ಮಂಡಿ ಹೋಯಿತು. ಗಾಡಿ ನಿಂತಾಗ ಕಾಲೂರಿ ಭಾರ ಹಿಡಿಯಲು ಆಗುವುದಿಲ್ಲ. ಬೈಕಿನ ಹುಚ್ಚು ಮಾತ್ರ ಹೋಗಲಿಲ್ಲ. ಈ ಗಾಡಿ ತಾನೇ ನಿಲ್ಲುತ್ತದೆ, ಗೇರನ್ನು ಎಡಗೈಯಲ್ಲೇ ಹಾಕಬಹುದು, ಬ್ರೇಕು ಬಲಗಾಲಿನಲ್ಲಿ. ಎಡಗಾಲಿಗೆ ಕೆಲಸವೇ ಇಲ್ಲ. ಹ್ಯಾಮಿಲ್ಟನ್‌ನಲ್ಲಿ ಮನೆ ಮಾಡಿದ ಮೇಲೆ ಅವರು ಮಾಡಿದ ಮೊದಲ ದೊಡ್ಡ ಖರ್ಚು ಇದು ಎಂದು ಅಕ್ಕ ಈಗಲೂ ಹೇಳಿ ತೋರಿಸುತ್ತಾಳೆ.

ಕಳೆದ ಜನವರಿಯಲ್ಲಿ ವಾರ್ಷಿಕ ರಜೆಗೆ ನಾನು ಊರಿಗೆ ಹೋಗದೆ ಅಕ್ಕನ ಮನೆಗೆ ಹೋದೆ. ಅಲ್ಲಿ ಆಗ ಬೇಸಿಗೆ. ಒಂದು ಬೆಳಿಗ್ಗೆ ಟೌರಂಗಾದ ಸಮುದ್ರ ನೋಡಲು ಹೊರಟೆವು. ಭಾವ, ಅಕ್ಕ ಸ್ಪೈಡರಿನಲ್ಲಿ. ನಾನು ಮತ್ತು ಸೊಸೆ ಹಿಂದೆ ಕಾರಿನಲ್ಲಿ. ಪೆಟ್ರೋಲ್ ಬಂಕಿನಲ್ಲಿ ಭಾವ ಹಣ ಕೊಡಲು ಒಳಗೆ ಹೋದಾಗ, ಸುಮ್ಮನೆ ನಿಂತಿರುವುದು ಯಾಕೆ ಎಂದು ನಾನು ಗಾಳಿಯ ಪೈಪು ಎಳೆದು ಮುಂದಿನ ಚಕ್ರಕ್ಕೆ ಹಚ್ಚಿದೆ. ಮೀಟರು 15 ಪಿಎಸ್‌ಐ ತೋರಿಸಿತು. ಎದೆ ಧಸಕ್ಕೆಂದಿತು. ಇನ್ನೊಂದು ಚಕ್ರ ನೋಡಿದೆ, ಅದೂ 15. ಹಿಂದಿನದ್ದು 28. ಇಷ್ಟು ಕಡಿಮೆ ಗಾಳಿಯಲ್ಲಿ ಅಕ್ಕನನ್ನು ಕೂರಿಸಿಕೊಂಡು ಹೊರಟಿದ್ದಾರಲ್ಲ! ಟೈರಿನ ಪಕ್ಕದಲ್ಲಿ ಬಗ್ಗಿ ನೋಡಿದೆ, 'ಮ್ಯಾಕ್ಸ್ 44' ಎಂದು ಬರೆದಿತ್ತು. ನನ್ನ ಕೊರೊಲ್ಲಾಕ್ಕೆ ನಾನು ಯಾವಾಗಲೂ ಹಾಕಿಸುವುದು 35. ಮೂರಕ್ಕೂ 35 ಹಾಕಿದೆ. ಯಂತ್ರ ಕೂಗಿ ಹೇಳಿತು, ಸರಿಯಾಯಿತು ಎಂದು. ಉಪಕಾರ ಮಾಡಿ ಹೇಳಿಕೊಳ್ಳಬಾರದು ಎಂದು ಸುಮ್ಮನಾದೆ.

ಹ್ಯಾಮಿಲ್ಟನ್‌ನಿಂದ ಟೌರಂಗಾಕ್ಕೆ ಹೋಗುವ 29ನೇ ಹೆದ್ದಾರಿಯಲ್ಲಿ ಒಂದು ಘಟ್ಟ ಸಿಗುತ್ತದೆ. ಅದರ ಹೆಸರು ಕೈಮೈ. ಮಾವೊರಿ ಹೆಸರು, ಆದರೆ ನಮ್ಮ ಕಿವಿಗೆ ಕನ್ನಡವೇ. ಚಾರ್ಮಾಡಿಯಷ್ಟು ಕಡಿದಲ್ಲ, ಆದರೆ ತಿರುವುಗಳಿವೆ, ಕಾಡಿದೆ, ಹಾಲಿನ ಟ್ಯಾಂಕರು, ಮರದ ಲಾರಿಗಳು ಓಡುತ್ತವೆ. ಘಟ್ಟ ಹತ್ತುವಾಗ ಮಳೆ ಶುರುವಾಯಿತು. ಆ ದೇಶದ ರಸ್ತೆಗಳು ಹೆಚ್ಚಿನವು ಡಾಂಬರು ಎರಚಿ ಮೇಲೆ ಜಲ್ಲಿ ಒತ್ತಿದವು. ಒರಟು, ಟೈರು ತಿನ್ನುತ್ತವೆ. ಆದರೆ ವಾಹನದ ಚಕ್ರ ಓಡಿ ಓಡಿ ಜಲ್ಲಿ ಹೂತುಹೋದ ಕಡೆ ಬರೀ ಡಾಂಬರು ಕಪ್ಪಗೆ ಹೊಳೆಯುತ್ತಿರುತ್ತದೆ. ಅಂಥ ಒಂದು ತಿರುವಿನಲ್ಲಿ, ನನ್ನ ಕಣ್ಣೆದುರೇ, ಸ್ಪೈಡರಿನ ಹಿಂಭಾಗ ಹೊರಗೆ ಜಾರಿತು. ಮಧ್ಯದ ಗೆರೆ ದಾಟಿ ಎದುರಿನ ದಾರಿಗೆ ಹೋಯಿತು. ಒಂದು ಕ್ಷಣ ಅಕ್ಕನ ಹೆಲ್ಮೆಟ್ಟು ಒಂದು ಕಡೆ, ಗಾಡಿ ಒಂದು ಕಡೆ ಕಂಡ ಹಾಗಾಯಿತು. ಗಾಡಿಯ ಕಂಪ್ಯೂಟರು ತಾನೇ ಬ್ರೇಕು ಹಿಡಿದು ಇಂಜಿನ್ನಿನ ಬಲ ಕಡಿಮೆ ಮಾಡಿತು, ಮತ್ತೆ ಸರಿದಾರಿಗೆ ಬಂತು. ಎದುರಿನಿಂದ ಏನೂ ಬರುತ್ತಿರಲಿಲ್ಲ. ಒಂದು ಟ್ಯಾಂಕರು ಅರ್ಧ ನಿಮಿಷದ ಹಿಂದಷ್ಟೇ ದಾಟಿ ಹೋಗಿತ್ತು.

ಘಟ್ಟದ ಮೇಲೆ ಜಾಗ ಸಿಕ್ಕಲ್ಲಿ ನಿಲ್ಲಿಸಿದೆವು. ಅಕ್ಕ ಹೆಲ್ಮೆಟ್ಟು ತೆಗೆಯಲಿಲ್ಲ, ಅದನ್ನು ಹಾಕಿಕೊಂಡೇ ಕಾರಿನೊಳಗೆ ಬಂದು ಕುಳಿತಳು. ಭಾವ ಕುಂಟುತ್ತ ಗಾಡಿಗೆ ಒಂದು ಸುತ್ತು ಬಂದರು, ಮುಂದಿನ ಟೈರಿಗೆ ಹೆಬ್ಬೆರಳು ಒತ್ತಿದರು, ಮತ್ತೆ ಒತ್ತಿದರು.

"ಇದಕ್ಕೆ ಗಾಳಿ ಯಾರು ಹಾಕಿದ್ದು ಮಾರಾಯ?"

"ನಾನು ಭಾವ. ಮೂವತ್ತೈದು."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನೀನು ದಿನಾ ಮದ್ದು ಕೊಡುವವ. ಡೋಸ್ ನೋಡದೆ ಕೊಡ್ತೀಯಾ?"

ಡಿ.ಫಾರ್ಮಾ ಮುಗಿಸಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಆಸ್ಪತ್ರೆಯ ಔಷಧಾಲಯದ ಕಿಟಕಿಯಲ್ಲಿ ನಿಂತು ವೈದ್ಯರ ಚೀಟಿಯಲ್ಲಿರುವ ತಪ್ಪು ಡೋಸನ್ನು ಹಿಡಿದು ವಾಪಸು ಕಳಿಸಿದ್ದು ಎಷ್ಟೋ ಸಲ. ಇದೊಂದು ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ನಾನು ಮಾಡಿದ್ದು ಏನು ಎಂದರೆ, ಗರಿಷ್ಠ ಮಿತಿಯನ್ನು ನೋಡಿ ಡೋಸ್ ನಿರ್ಧರಿಸಿದ್ದು. ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು ಎಂದು ಇದೆ. ಹಾಗೆಂದು ಯಾರೂ ಮಗುವಿಗೆ 4 ಗ್ರಾಂ ಕೊಡುವುದಿಲ್ಲ. ಮಗುವನ್ನು ತೂಕ ಮಾಡಿ, ಕಿಲೋಗೆ 10ರಿಂದ 15 ಮಿಲಿಗ್ರಾಂ ಎಂದು ಲೆಕ್ಕ ಹಾಕುತ್ತೇವೆ. ಟೈರಿನ ಪಕ್ಕದಲ್ಲಿ ಬರೆದಿರುವುದು ಆ ಟೈರು ತಡೆಯುವ ಮೇಲ್ಮಿತಿ, ಟೈರು ಕಂಪನಿಯ ಮಾತು. ಅದು ಯಾವ ಗಾಡಿಗೆ ಹೋಗಿ ಸೇರುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಎಷ್ಟು ಹಾಕಬೇಕು ಎನ್ನುವುದು ಗಾಡಿ ಮಾಡಿದವರ ಮಾತು, ಅದು ಗಾಡಿಯ ಚೀಟಿಯಲ್ಲಿ ಮತ್ತು ಪುಸ್ತಕದಲ್ಲಿ ಇರುತ್ತದೆ. ಆ ಮಾದರಿಯ ಸ್ಪೈಡರಿಗೆ ಮುಂದೆ 15, ಹಿಂದೆ 28, ಎರಡು ಹೆಚ್ಚು ಕಡಿಮೆ ಆಗಬಹುದು. ಯಾಕೆ ಇಷ್ಟು ಕಡಿಮೆ? ಟೈರು ಕಾರಿನ ಅಳತೆಯದ್ದು, ಗಾಡಿ ಮಾತ್ರ ನಾಲ್ಕು ಕ್ವಿಂಟಾಲಿಗೆ ಸ್ವಲ್ಪ ಹೆಚ್ಚು, ಕೊರೊಲ್ಲಾದ ಮೂರನೇ ಒಂದು ಪಾಲು. ಅಷ್ಟು ಹಗುರ ಮೈಗೆ ಕಾರಿನಷ್ಟು ಗಾಳಿ ತುಂಬಿದರೆ ಟೈರು ನೆಲದ ಮೇಲೆ ಚಪ್ಪಟೆಯಾಗಿ ಕೂರುವುದಿಲ್ಲ, ಉಬ್ಬಿ ನಡುವಿನ ಪಟ್ಟಿಯಲ್ಲಷ್ಟೇ ನಿಲ್ಲುತ್ತದೆ.

ಪೂರ್ತಿ ತಪ್ಪು ನನ್ನದೇ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಭಾವನ ಹಿಂದಿನ ಟೈರು ನಡುವಿನಲ್ಲಿ ಸವೆದು ನುಣ್ಣಗಾಗಿತ್ತು, ಅಂಚುಗಳಲ್ಲಿ ಮಾತ್ರ ಅಚ್ಚು ಚೆನ್ನಾಗಿತ್ತು. ಮುಂದಿನ ತಿಂಗಳು ಫಿಟ್‌ನೆಸ್ ಪರೀಕ್ಷೆ ಇದೆ, ಆಗ ಬದಲಿಸಿದರಾಯಿತು ಎಂದು ಮುಂದೂಡಿದ್ದರು. 28 ಇದ್ದಾಗ ಅಂಚುಗಳೂ ನೆಲ ಮುಟ್ಟುತ್ತಿದ್ದವು, ಹೇಗೋ ನಡೆಯುತ್ತಿತ್ತು. ನಾನು 35 ಹಾಕಿ ಆ ಬೋಳು ನಡುವಿನ ಮೇಲೆಯೇ ಗಾಡಿಯನ್ನು ನಿಲ್ಲಿಸಿಬಿಟ್ಟೆ. ಅವರ ಸೋಮಾರಿತನಕ್ಕೆ ನನ್ನ ಉಪಕಾರ ಸೇರಿತು. ಅಕ್ಕನಿಗೆ ಈ ವಿಂಗಡಣೆಯಲ್ಲಿ ಆಸಕ್ತಿ ಇರಲಿಲ್ಲ, ಇಬ್ಬರಿಗೂ ಸಮನಾಗಿ ಬೈದಳು.

ಘಟ್ಟದ ಮೇಲೆಯೇ ಗೇಜು ಹಿಡಿದು ಮುಂದೆ 15ಕ್ಕೆ ಇಳಿಸಿದೆವು. ಮರುದಿನ ಬೆಳಿಗ್ಗೆ ನೋಡಿದರೆ 13. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಏರಿರುತ್ತದೆ, ಆಗ ಅಳೆದು ಬಿಟ್ಟರೆ ತಣ್ಣಗಾದಾಗ ಕಡಿಮೆಯಾಗಿ ಕೂರುತ್ತದೆ. ಗಾಡಿಯ ಚೀಟಿಯಲ್ಲಿರುವ ಅಂಕೆ ತಣ್ಣಗಿರುವ ಟೈರಿನದ್ದು. ಎರಡು ದಿನದಲ್ಲಿ ಎರಡನೇ ತಪ್ಪು.

ಹೊಸ ಟೈರು ಕೊಳ್ಳಲು ಹೋದಾಗ ಭಾವನಿಗೂ ನನಗೂ ಚರ್ಚೆ. ಅಂಗಡಿಯ ಹಿರಿಯರು ಮೊದಲು ಅಳತೆ ಕಡ್ಡಿ ಇಟ್ಟು ನೋಡಿದರು. ಆ ದೇಶದ ನಿಯಮದಲ್ಲಿ ಅಚ್ಚಿನ ಆಳ ಕನಿಷ್ಠ 1.5 ಮಿಲಿಮೀಟರ್ ಇರಬೇಕು. ಹಿಂದಿನದ್ದು ಅದಕ್ಕಿಂತ ಕೆಳಗೆ, ಮುಂದಿನ ಎರಡೂ ಇನ್ನೂ ಚೆನ್ನಾಗಿದ್ದವು. ಹಿಂದಿನ ಟೈರಿನ ಅಳತೆ 225/50 ಆರ್ 15. ಅಂದರೆ ಅಗಲ 225 ಮಿ.ಮೀ., ಪಕ್ಕದ ಎತ್ತರ ಅಗಲದ ನೂರಕ್ಕೆ 50, ಒಳಗಿನ ರಿಮ್ಮು 15 ಇಂಚು. ಇದೇ ಅಳತೆಯಲ್ಲಿ ಕಾರಿನ ಟೈರು ಸಿಗುತ್ತದೆ, ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ಸ್ಪೈಡರ್ ಓಡಿಸುವವರಲ್ಲಿ ಎಷ್ಟೋ ಜನ ಅದನ್ನೇ ಹಾಕಿಸುತ್ತಾರೆ ಎಂದು ಭಾವ ವಾದಿಸಿದರು. ಅಂಥ ಟೈರಿನ ಮೇಲೆ 91 ಎಂಬ ಭಾರದ ಸಂಖ್ಯೆ ಇತ್ತು, ಎಂದರೆ ಒಂದೇ ಟೈರು 615 ಕಿಲೋ ಹೊರಬಲ್ಲದು. ಭಾವ, ಅಕ್ಕ, ಅಕ್ಕನ ಬುತ್ತಿ ಎಲ್ಲ ಸೇರಿದರೂ ಹಿಂದಿನ ಚಕ್ರದ ಮೇಲೆ ಅದಕ್ಕಿಂತ ತುಂಬಾ ಕಡಿಮೆ ಭಾರ. ಕಾರಿನ ಟೈರಿನ ಮೈ ಗಟ್ಟಿ, ಹಾಗಾಗಿ ಗಾಳಿ ಇನ್ನೂ ಇಳಿಸಿ ಓಡಿಸಬೇಕಾಗುತ್ತದೆ; ಆ ಅಂಕೆ ಯಾವ ಪುಸ್ತಕದಲ್ಲೂ ಇರುವುದಿಲ್ಲ, ನಾವೇ ಹುಡುಕಿಕೊಳ್ಳಬೇಕು. ಕೆಲವರು 205/60 ಆರ್ 15 ಹಾಕುತ್ತಾರಂತೆ. ನಾನು ಫೋನಿನಲ್ಲಿ ಗುಣಿಸಿದೆ. ಹಳೆಯದರ ಒಟ್ಟು ಎತ್ತರ 606 ಮಿ.ಮೀ., ಇದರದ್ದು 627. ನೂರಕ್ಕೆ ಮೂರೂವರೆ ದೊಡ್ಡದು. ಘಟ್ಟದಲ್ಲಿ ನಮ್ಮನ್ನು ಉಳಿಸಿದ ಆ ಕಂಪ್ಯೂಟರು ಚಕ್ರಗಳು ತಿರುಗುವ ವೇಗವನ್ನು ಹೋಲಿಸಿಯೇ ಜಾರುವಿಕೆ ಹಿಡಿಯುವುದು. ಅದಕ್ಕೆ ತಪ್ಪು ಲೆಕ್ಕ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಔಷಧದಲ್ಲಿ ನಾನು ಜೆನೆರಿಕ್ ಪರವಾಗಿರುವವನು. ಅದೇ ಮದ್ದು, ಕಡಿಮೆ ಬೆಲೆ, ಸುಮ್ಮನೆ ಬ್ರ್ಯಾಂಡಿಗೆ ಯಾಕೆ ಹಣ ಸುರಿಯಬೇಕು? ಆದರೆ ವಾರ್ಫರಿನ್, ಫೆನಿಟೋಯಿನ್‌ನಂಥ ಕೆಲವು ಔಷಧಗಳಿವೆ. ಸ್ವಲ್ಪ ಕಡಿಮೆಯಾದರೂ ತೊಂದರೆ, ಸ್ವಲ್ಪ ಹೆಚ್ಚಾದರೂ ತೊಂದರೆ. ಒಂದು ಕಂಪನಿಯದ್ದರಲ್ಲಿ ರೋಗಿ ಸರಿಯಾಗಿದ್ದರೆ ಬದಲಿಸಲು ನಾವು ಅಂಜುತ್ತೇವೆ. ಭಾವನ ಗಾಡಿ ಆ ಜಾತಿಯದ್ದು ಎಂದು ನನಗೆ ಅನಿಸಿತು. ಗಾಡಿಯ ಪುಸ್ತಕವೂ ಬಿಆರ್‌ಪಿ ಹೇಳಿದ ಟೈರನ್ನೇ ಹಾಕಿ ಎನ್ನುತ್ತದೆ. ಒಬ್ಬರೇ ಓಡಿಸುವವರು, ಗಾಡಿಯ ನಾಡಿ ಬಲ್ಲವರು ಕಾರಿನ ಟೈರು ಹಾಕಿಕೊಂಡರೆ ಅದು ಅವರ ಇಷ್ಟ. ಹಿಂದೆ ಅಕ್ಕ ಕೂರುತ್ತಾಳೆ ಎಂದರೆ ನನ್ನ ಮತ ಕಂಪನಿಯದ್ದಕ್ಕೆ. ಭಾವ ಗೊಣಗುತ್ತ ಒಪ್ಪಿದರು. ಹಾಕುವ ಮೊದಲು ಟೈರಿನ ಪಕ್ಕದ ನಾಲ್ಕು ಅಂಕಿಗಳನ್ನು ನೋಡಿದೆವು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಮದ್ದಿನ ಡಬ್ಬಿಯ ತಾರೀಕು ನೋಡುವ ಅಭ್ಯಾಸ ಇಲ್ಲಿಯಾದರೂ ಕೆಲಸಕ್ಕೆ ಬಂತು. ಹೊಸ ರಬ್ಬರು ಮೊದಲು ಜಾರುತ್ತದೆ, ಒಂದೆರಡು ನೂರು ಕಿಲೋಮೀಟರ್ ನಿಧಾನ ಓಡಿಸಿ ಎಂದು ಅಂಗಡಿಯವರು ಎರಡು ಸಲ ಹೇಳಿದರು.

ಮನೆಗೆ ಬಂದ ಮೇಲೆ ನನಗೆ ಅಪ್ಪನ ಸುಣ್ಣ ನೆನಪಾಯಿತು. ರಿಕ್ಷಾಕ್ಕೆ 4.00-8ರ ಸಣ್ಣ ಟೈರು. ಅಪ್ಪನ ಹತ್ತಿರ ಗೇಜು ಇರಲಿಲ್ಲ, ಎಲೆಯಡಿಕೆಯ ಸಂಚಿ ಇತ್ತು. ಟೈರಿಗೆ ಗಾಳಿ ಹಾಕಿಸಿದ ಮೇಲೆ ಸಂಚಿಯಿಂದ ಸುಣ್ಣ ತೆಗೆದು ಟೈರಿನ ಅಗಲಕ್ಕೂ ಬೆರಳಿನಿಂದ ಒಂದು ಗೆರೆ ಎಳೆಯುತ್ತಿದ್ದರು. ರಿಕ್ಷಾವನ್ನು ಸಿಮೆಂಟಿನ ಅಂಗಳದಲ್ಲಿ ಸ್ವಲ್ಪ ಓಡಿಸಿ ಇಳಿದು ನೋಡುತ್ತಿದ್ದರು. ಸುಣ್ಣ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಶಾಲೆಯ ಮಕ್ಕಳನ್ನು ತುಂಬುವ ದಿನ ಹಿಂದಿನ ಎರಡಕ್ಕೆ ಸ್ವಲ್ಪ ಹೆಚ್ಚು. "ಜನ ಎಷ್ಟೋ ಗಾಳಿ ಅಷ್ಟು" ಎನ್ನುತ್ತಿದ್ದರು. ಅದೇ ಕಿಲೋಗೆ ಇಷ್ಟು ಮಿಲಿಗ್ರಾಂ! ನಾನು ಕಾಲೇಜಿನಲ್ಲಿ ಕಲಿಯುವ ಮೊದಲೇ ಅದು ನಮ್ಮ ಅಂಗಳದಲ್ಲಿ ನಡೆಯುತ್ತಿತ್ತು.

ಹ್ಯಾಮಿಲ್ಟನ್‌ನಲ್ಲಿ ಸುಣ್ಣ ಎಲ್ಲಿಂದ ತರುವುದು? ಸೊಸೆಯ ಬಣ್ಣದ ಚಾಕ್‌ಪೀಸ್ ಎತ್ತಿಕೊಂಡೆ. ಮುಂದಿನ ಎರಡಕ್ಕೆ ಗುಲಾಬಿ ಗೆರೆ, ಹಿಂದಿನದ್ದಕ್ಕೆ ಹಳದಿ. ಭಾವ ಗಾಡಿಯ ಮೇಲೆ, ಅಕ್ಕ ಹಿಂದೆ, ಬೈಯುತ್ತಲೇ ಕುಳಿತಳು. ಮನೆಯೆದುರಿನ ಕಾಂಕ್ರೀಟಿನ ಮೇಲೆ ನಿಧಾನಕ್ಕೆ ಹೋಗಿ ಬಂದರು. 28ಕ್ಕೆ ಹಳದಿ ಗೆರೆ ಹೆಚ್ಚು ಕಡಿಮೆ ಪೂರ್ತಿ ಅಳಿಸಿತ್ತು. ಪರೀಕ್ಷೆಗೆಂದೇ ಮುಂದಿನದ್ದಕ್ಕೆ ಮತ್ತೆ 35 ಹಾಕಿ ಒಂದು ಸುತ್ತು ಮಾಡಿಸಿದೆ. ನಡುವೆ ಮೂರು ಬೆರಳಗಲ ಅಳಿಸಿ, ಎರಡೂ ಬದಿ ಗುಲಾಬಿ ಬಣ್ಣ ಹಾಗೇ ಉಳಿಯಿತು. ಕೈಮೈ ಘಟ್ಟದಲ್ಲಿ ಅಕ್ಕ ಇದ್ದದ್ದು ಇಷ್ಟು ಅಗಲದ ಮೇಲೆ. ಭಾವ ಅದರ ಫೋಟೋ ತೆಗೆದಿಟ್ಟುಕೊಂಡರು, ನನ್ನ ಮೇಲಿನ ಸಾಕ್ಷಿ ಎಂದು.

ಮಸ್ಕತ್‌ಗೆ ಮರಳಿದ ಮೇಲೆ ನನ್ನ ಕೊರೊಲ್ಲಾದ ಬಾಗಿಲು ತೆರೆದು ಪಕ್ಕದ ಕಂಬದಲ್ಲಿರುವ ಚೀಟಿಯನ್ನು, ಏಳು ವರ್ಷದಲ್ಲಿ ಮೊದಲ ಸಲ, ಓದಿದೆ. ಅದರಲ್ಲಿದ್ದದ್ದು 35 ಅಲ್ಲ! ನಮ್ಮವರಲ್ಲಿ ಹೆಚ್ಚಿನವರು ಬಂಕಿನ ಹುಡುಗ ಹಾಕಿದ್ದನ್ನೇ ಸರಿ ಎಂದುಕೊಳ್ಳುವವರು. ಇನ್ನು ಕೆಲವರು ಬೇಸಿಗೆ ಬಂತು ಎಂದು ಗಾಳಿ ಕಡಿಮೆ ಮಾಡಿಸುತ್ತಾರೆ, ಬಿಸಿಗೆ ಒಡೆಯಬಾರದು ಎಂದು. ಆಗುವುದು ತಿರುಗುಮುರುಗು. ಗಾಳಿ ಕಡಿಮೆಯಾದ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಮಡಚಿ ಬಿಡಿಸಿ ತಾವೇ ಕಾಯುತ್ತವೆ, ಒಮಾನಿನ ಜುಲೈ ರಸ್ತೆ ಅದಕ್ಕೆ ಇನ್ನಷ್ಟು ಕಾವು ಸೇರಿಸುತ್ತದೆ. ಒಡೆಯುವುದು ಅದೇ. ಹೊರಗಿನ ಬಿಸಿ 10 ಡಿಗ್ರಿ ಏರಿದರೆ ಕಾರಿನ ಟೈರಿನಲ್ಲಿ ಒಂದೂವರೆ ಪಿಎಸ್‌ಐ ಆಸುಪಾಸು ಏರುತ್ತದೆ, ಅಷ್ಟನ್ನು ಟೈರು ಮಾಡಿದವರು ಮೊದಲೇ ಲೆಕ್ಕ ಹಾಕಿರುತ್ತಾರೆ. ಶುಕ್ರವಾರ ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ ನೋಡುವುದು ನಾನು ಈಗ ಮಾಡಿಕೊಂಡ ಅಭ್ಯಾಸ. ನಮ್ಮ ಕಟ್ಟಡದ ಕೆಳಗೆ ಊಟ ತಲುಪಿಸುವ ಬೈಕಿನ ಹುಡುಗರು ಇಬ್ಬರಿದ್ದಾರೆ, ಒಬ್ಬ ಕುಂದಾಪುರದವನು. ಅವನ ಪೆಟ್ಟಿಗೆ ತುಂಬಿದಾಗ ಹಿಂದಿನ ಟೈರಿಗೆ ಎಷ್ಟು ಬೇಕು ಎಂದು ಅವನ ಬೈಕಿನ ಚೀಟಿಯಲ್ಲಿ ಹುಡುಕಿ ತೋರಿಸಿದೆ. ಒಬ್ಬರೇ ಇದ್ದರೆ ಒಂದು ಅಂಕೆ, ಹಿಂದೆ ಭಾರ ಇದ್ದರೆ ಇನ್ನೊಂದು. "ಇದು ಇಲ್ಲೇ ಉಂಟಾ ಅಣ್ಣ?" ಎಂದ.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಮತ್ತೆ ಭಾವನ ಹಿಂದೆ ಕೂರಲು ಅವಳಿಗೆ ನಾಲ್ಕು ತಿಂಗಳು ಬೇಕಾಯಿತು. ಕೈಮೈ ಕಡೆ ಈಗಲೂ ಕಾರಿನಲ್ಲೇ. ಭಾವ ಪ್ರತಿ ತಿಂಗಳು ಗೆರೆ ಎಳೆದು ನೋಡುತ್ತಾರಂತೆ, ಮಗಳ ಚಾಕ್‌ಪೀಸ್ ಎಲ್ಲ ಮುಗಿದಿದೆಯಂತೆ. "ಬರುವಾಗ ಎರಡು ಡಬ್ಬಿ ತಾ," ಎಂದಳು, "ಟೈರು ಮಾತ್ರ ಮುಟ್ಟಬೇಡ."